ಮುಕ್ತ ತಂತ್ರಾಂಶ ಸಮಾಜದಲ್ಲಿ ವಾರ್ತಾಸಂಗ್ರಹ

ವಾರ್ತೆಯ ಬೆಲೆ ಅದರ ಗುಟ್ಟಿನಲ್ಲಿದೆಯೆಂದು ಸಾಮಾನ್ಯವಾಗಿ ಎಣಿಸುವುದುಂಟು. ಅರಮನೆಯ ಒಳಮಾತನ್ನೋ ಪೇಟೆಯ ಧಾರಣೆಯನ್ನೋ ಇತರರಿಗಿಂತ ಮುಂಚೆ ತಿಳಿದು ಬಂದು ಹೇಳುವವನೇ ವಾರ್ತಾಹರನು. ಆದರೆ ಎಲ್ಲ ಕೆಲಸವೂ ಬಯಲಿನಲ್ಲಿಯೇ ನಡೆಯುವ, ಎಲ್ಲ ಚರ್ಚೆಯೂ ಯಾರು ಬೇಕಾದರೂ ಓದಬಹುದಾದಂತೆ ಬರೆಹದಲ್ಲಿಯೇ ಉಳಿಯುವ ಒಂದು ಸಮಾಜದಲ್ಲಿ ಅವನಿಗೆ ಮಾಡಲು ಕೆಲಸವೇನುಂಟು? ಮುಕ್ತ ತಂತ್ರಾಂಶದ, ಎಂದರೆ ಮೂಲಬರೆಹವನ್ನು ಓದಲು, ತಿದ್ದಲು, ಪ್ರತಿಮಾಡಿ ಹಂಚಲು ಎಲ್ಲರಿಗೂ ಅಧಿಕಾರವಿರುವ ಗಣಕ ಕ್ರಮವಿಧಿಗಳ, ನಾಲ್ಕು ದಶಕಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರವುಂಟು. ಅಲ್ಲಿ ಸುದ್ದಿಗೆ ಬಡತನವಿರಲಿಲ್ಲ. ಅದನ್ನು ಓದುವ ಹೊತ್ತಿಗೆ ಬಡತನವಿದ್ದಿತು. ಆದಕಾರಣ ಎಲ್ಲರ ಪರವಾಗಿ ಓದುವವನೊಬ್ಬನು ಬೇಕಾದನು. ಅವನ ಜೀವನೋಪಾಯ ಯಾವುದೆಂಬುದು ಬಹುಕಾಲ ಬಗೆಹರಿಯದೆ ಉಳಿಯಿತು.

ಆರಂಭದಲ್ಲಿ ಈ ತೊಡಕು ಇರಲಿಲ್ಲ. ರಿಚರ್ಡ್ ಸ್ಟಾಲ್‌ಮನ್ನರು ೧೯೮೩ರ ಸೆಪ್ಟೆಂಬರಿನಲ್ಲಿ ಗ್ನೂ ಎಂಬ ಸ್ವತಂತ್ರ ಕಾರ್ಯವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದರು. ೧೯೮೫ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಸ್ಥಾಪಿತವಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಅದರ 'ಗ್ನೂಸ್ ಬುಲೆಟಿನ್' ಹೊರಟಿತು. ಯಾವ ಭಾಗ ಮುಗಿದಿದೆ, ಯಾವುದಕ್ಕೆ ಕೈಹಚ್ಚುವವರು ಬೇಕಾಗಿದ್ದಾರೆ, ಕ್ರಮವಿಧಿಗಳ ಕಾಂತಪಟ್ಟಿಯನ್ನು ತರಿಸಿಕೊಳ್ಳುವ ಬಗೆ ಹೇಗೆ ಎಂಬಿಷ್ಟೇ ಅದರ ವಿಷಯ. ಕೆಲಸ ಮಾಡುವವರೂ ಕಡಿಮೆ, ಕೆಲಸ ನಡೆಯುವ ಸ್ಥಳಗಳೂ ಕಡಿಮೆ. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಬರುವ ಸಣ್ಣ ಪತ್ರಿಕೆಯೇ ಸಾಕಾಗಿದ್ದಿತು.

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸನು ೧೯೯೧ನೆಯ ಇಸವಿ ಆಗಸ್ಟ್ ೨೫ರಂದು ಯೂಸ್‌ನೆಟ್ಟಿನಲ್ಲಿ ಮಿನಿಕ್ಸ್ ವ್ಯವಸ್ಥೆಯನ್ನು ಬಳಸುವವರ ಗುಂಪಿಗೆ ಒಂದು ಓಲೆಯನ್ನು ಬರೆದನು. ತಾನೊಂದು ವ್ಯವಸ್ಥೆಯನ್ನು ಹವ್ಯಾಸಕ್ಕಾಗಿ ಬರೆಯುತ್ತಿರುವುದಾಗಿಯೂ, ಮಿನಿಕ್ಸಿನಲ್ಲಿ ಮೆಚ್ಚಾದುದೇನು ಮೆಚ್ಚದುದೇನು ಎಂಬುದನ್ನು ತಿಳಿಸಬೇಕೆಂದೂ ಅದರಲ್ಲಿ ಕೇಳಿದ್ದನು. ಈ ಓಲೆ ಸುದ್ದಿಯನ್ನು ಕೊಟ್ಟಷ್ಟೇ ಸುದ್ದಿಯನ್ನು ಬೇಡಿತೆಂಬುದು ಗಮನಾರ್ಹ. ಉತ್ತರಗಳು ಬಂದವು; ಉತ್ತರಗಳೊಡನೆ ತಿದ್ದುಪಡಿಗಳೂ ಬಂದವು. ಒಂದೇ ವರ್ಷದಲ್ಲಿ ಎಲ್ಲವನ್ನೂ ಓದಿ ನೆನಪಿಟ್ಟುಕೊಳ್ಳುವುದು ಕಷ್ಟವಾಯಿತೆಂಬುದಕ್ಕೆ, ಲೀನಸನ ಸಹಪಾಠಿ ಲಾರ್ಸ್ ವಿರ್ಜೇನಿಯಸನು ೧೯೯೨ರಲ್ಲಿಯೇ 'ಲಿನಕ್ಸ್ ನ್ಯೂಸ್' ಎಂಬ ಸಾರಸಂಗ್ರಹವನ್ನು ಆರಂಭಿಸಿದುದೇ ಸಾಕ್ಷಿ.

ಮುಂದಿನ ದಶಕದಲ್ಲಿ ಹೊಳೆ ಹುಚ್ಚುಹೊಳೆಯಾಯಿತು. ಲಿನಕ್ಸಿನ ತಿರುಳಾದ ಕರ್ನೆಲ್ಲನ್ನು ಕುರಿತ ಮಿಂಚಂಚೆಯ ಚರ್ಚಾಕೂಟದಲ್ಲಿಯೇ ದಿನಕ್ಕೆ ನೂರಾರು ಓಲೆಗಳು ಸೇರತೊಡಗಿದವು. ಅವುಗಳಲ್ಲಿ ಜಗಳವೂ ಉಂಟು, ಮರುಮಾತೂ ಉಂಟು, ನಡುವೆ ಎಲ್ಲಿಯೋ ಒಂದು ಸಾಲಿನಲ್ಲಿ ವ್ಯವಸ್ಥೆಯ ಮುಂದಿನ ಹತ್ತು ವರ್ಷಗಳ ನಡೆಯನ್ನು ನಿರ್ಧರಿಸುವ ತೀರ್ಮಾನವೂ ಉಂಟು. ೧೯೯೯ರ ಜನವರಿಯಲ್ಲಿ ಜ್ಯಾಕ್ ಬ್ರೌನರು 'ಕರ್ನೆಲ್ ಟ್ರಾಫಿಕ್' ಎಂಬ ಸಾರಸಂಗ್ರಹವನ್ನು ತೆಗೆದು, ಈ ರಾಶಿಯನ್ನು ತೂರಿ ಕಾಳನ್ನು ಬೇರ್ಪಡಿಸುವ ಕೆಲಸಕ್ಕೆ ಒಬ್ಬರೇ ನಿಂತರು. ೨೦೦೫ರಲ್ಲಿ ಅದು ನಿಂತುಹೋಯಿತು. ಡೆಬಿಯನ್ ಸಂಘದಲ್ಲಿ ಅದೇ ೧೯೯೯ರ ಜನವರಿಯಲ್ಲಿ ಜೋಯಿ ಹೆಸ್ಸರು ಆರಂಭಿಸಿದ ವಾರಪತ್ರಿಕೆ ಕೈಯಿಂದ ಕೈಗೆ ದಾಟಿ, ಹಲವು ಭಾಷೆಗಳಿಗೆ ಪರಿವರ್ತಿತವಾಗುತ್ತಿದ್ದರೂ, ೨೦೦೭ರಲ್ಲಿ ಕಣ್ಮರೆಯಾಗಿ, ಮರುವರ್ಷ ಬೇರೆ ಹೆಸರಿನಿಂದ ಹುಟ್ಟಬೇಕಾಯಿತು. ಕ್ರಮವಿಧಿಯನ್ನು ಬರೆಯುವವನಿಗೆ ತನ್ನ ಬರೆಹ ಓಡುವುದನ್ನು ನೋಡುವ ಸಂತೋಷವುಂಟು. ಪರರ ಬರೆಹವನ್ನು ವಾರವಾರವೂ ಓದಿ ಸಾರವನ್ನು ತೆಗೆಯುವವನಿಗೆ ಅಂತಹ ಫಲವಿಲ್ಲ, ದಣಿವು ಮಾತ್ರ ಖಂಡಿತ.

ಇವುಗಳ ನಡುವೆ ಉಳಿದುಬಂದ ಪತ್ರಿಕೆ 'ಲಿನಕ್ಸ್ ವೀಕ್ಲಿ ನ್ಯೂಸ್'. ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ಜೊನಾಥನ್ ಕಾರ್ಬೆಟ್ ಮತ್ತು ಎಲಿಜಬೆತ್ ಕೂಲ್‌ಬಾ ಇವರು ಇದರ ಮೊದಲ ಸಂಚಿಕೆಯನ್ನು ೧೯೯೮ನೆಯ ಜನವರಿ ೨೨ರಂದು ಹೊರಡಿಸಿದರು. ನೆಟ್‌ಸ್ಕೇಪ್ ಸಂಸ್ಥೆ ತನ್ನ ಜಾಲದರ್ಶಕದ ಮೂಲಬರೆಹವನ್ನು ಲೋಕಕ್ಕೆ ಬಿಟ್ಟುಕೊಡುವುದಾಗಿ ಸಾರಿದುದೂ ಆ ದಿನವೇ. 'ಓಪನ್ ಸೋರ್ಸ್' ಎಂಬ ಹೆಸರು ಹುಟ್ಟಿದುದು ಅದರ ಮರುತಿಂಗಳು. ಹೀಗೆ ತಾನು ಬರೆಯಬೇಕಾಗಿದ್ದ ಚಳವಳಿಯ ಹೆಸರಿಗಿಂತ ಪತ್ರಿಕೆಯೇ ಕೆಲವು ದಿನ ಹಿರಿಯದು. ಮೊದಲಿಗೆ ಇದು ಸಂಪಾದಕರ ಸಲಹಾವ್ಯವಹಾರಕ್ಕೆ ಒತ್ತಾಸೆಯಾಗಿ ಇದ್ದ ಉಪಕಸುಬು. ಲಿನಕ್ಸಿಗೆ ಬಂದ ಹಣದ ಸುಗ್ಗಿಯಲ್ಲಿ ಜಾಹೀರಾತುಗಳು ದೊರೆತವು, ವಾಣಿಜ್ಯ ಸಂಸ್ಥೆಯೊಂದರ ಆಶ್ರಯವೂ ಕೆಲಕಾಲ ದೊರೆಯಿತು. ಸುಗ್ಗಿ ಮುಗಿಯಿತು, ಆಶ್ರಯವೂ ತಪ್ಪಿತು. ೨೦೦೨ರ ಜುಲೈಯಲ್ಲಿ ಪತ್ರಿಕೆಯನ್ನು ನಿಲ್ಲಿಸುವುದಾಗಿ ಸಂಪಾದಕರು ಬರೆದರು.

ಆಗ ನಡೆದುದು ಎದುರುನೋಡದ ಸಂಗತಿ. ನಾಲ್ಕೂವರೆ ವರ್ಷ ಬಿಟ್ಟಿಯಾಗಿ ಓದಿದವರು ಹಣವನ್ನು ಕಳುಹಿಸತೊಡಗಿದರು. ಅದನ್ನು ಕಂಡು ಸಂಪಾದಕರು ಆ ವರ್ಷವೇ ಒಂದು ಹೊಸ ಏರ್ಪಾಡನ್ನು ಮಾಡಿದರು. ಹೊಸ ಸಂಚಿಕೆಯನ್ನು ಚಂದಾದಾರರು ಕೂಡಲೇ ಓದಬಹುದು; ವಾರ ಕಳೆದ ಮೇಲೆ ಅದು ಎಲ್ಲರಿಗೂ ತೆರೆಯುವುದು. ಚಂದಾದ ದರ್ಜೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದಕ್ಕೆ 'ಹಸಿದ ಹ್ಯಾಕರ್' ಎಂದು ಹೆಸರಿಟ್ಟರು. ಬಡತನವನ್ನು ರುಜುವಾತುಪಡಿಸಬೇಕಾಗಿರಲಿಲ್ಲ, ತಾನು ಹಸಿದವನೆಂದು ಓದುಗನು ಹೇಳಿಕೊಂಡರೆ ಸಾಕು. ಇದಲ್ಲದೆ ಚಂದಾದಾರನು ತನಗೆ ಮೆಚ್ಚಾದ ಲೇಖನವೊಂದನ್ನು ಹೊರಗಿನವರೂ ಕೂಡಲೇ ಓದುವಂತೆ ಹಂಚುವ ಅವಕಾಶವನ್ನೂ ಮುಂದೆ ಕಲ್ಪಿಸಲಾಯಿತು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಬರೆಹವೆಲ್ಲ ಮುಕ್ತವಾಗಿರಬೇಕೆನ್ನುವ ಜನರ ಪತ್ರಿಕೆಗೆ ಒಂದು ವಾರದ ಮಟ್ಟಿಗಾದರೂ ಬೀಗ ಹಾಕುವುದು ಸಂಗತವೆ? ಆದರೆ ಈ ಸಮಾಜ ಬೆಲೆಯನ್ನು ಎಂದೂ ನಿಷೇಧಿಸಿದುದಲ್ಲ. ಈಮ್ಯಾಕ್ಸ್ ಎಂಬ ಕ್ರಮವಿಧಿಯ ಕಾಂತಪಟ್ಟಿಯನ್ನು ಸ್ಟಾಲ್‌ಮನ್ನರೇ ೧೫೦ ಡಾಲರಿಗೆ ಮಾರುತ್ತಿದ್ದರು. ಉಳಿದ ದಾರಿಗಳನ್ನಾದರೂ ನೋಡಬಹುದು. ಜಾಹೀರಾತಿನ ಹಣ ಬರುವುದು ಯಾರನ್ನು ಕುರಿತು ಬರೆಯಬೇಕೋ ಅವರ ಕೈಯಿಂದ. ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿದ ಪಂಪನನ್ನು ಬಲ್ಲವರಿಗೆ ಆಶ್ರಯದ ಋಣವೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಓದುಗರ ಸಣ್ಣ ಸಣ್ಣ ಕಾಣಿಕೆಯಿಂದ ಬದುಕುವ ಸಂಪಾದಕನು ಓದುಗರಿಗೇ ಋಣಿಯಾಗುವನು. ವಾರ ಕಳೆದ ಮೇಲೆ ಕಾಣಿಕೆ ಕೊಟ್ಟವನ ಪಾಲು ಕೊಡದವನಿಗೂ ಸಲ್ಲುವುದು. ಇದಕ್ಕಿಂತ ಹದವಾದ ಏರ್ಪಾಡು ಆ ಸಮಾಜದಲ್ಲಿ ಬೇರೊಂದು ಕಾಣುವುದಿಲ್ಲ.

ಈ ಸ್ವಾತಂತ್ರ್ಯದ ಫಲ ೨೦೦೭ರ ಫೆಬ್ರವರಿಯಲ್ಲಿ ತೋರಿತು. ಕರ್ನೆಲ್ಲಿನ ೨.೬.೨೦ನೆಯ ಆವೃತ್ತಿಗೆ ಸೇರಿದ ತಿದ್ದುಪಡಿಗಳನ್ನೆಲ್ಲ ಕಾರ್ಬೆಟ್ಟರು ಎಣಿಸಿ, ಅವುಗಳನ್ನು ಬರೆದವರಾರು, ಅವರಿಗೆ ಸಂಬಳ ಕೊಡುವವರಾರು ಎಂಬುದನ್ನು ಪ್ರಕಟಿಸಿದರು. ಬಿಡುವಿನ ಹವ್ಯಾಸಿಗಳ ಕೃತಿಯೆಂದು ಹೆಸರಾಗಿದ್ದ ಆ ವ್ಯವಸ್ಥೆಯ ಹೊಸ ಬರೆಹದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಂಸ್ಥೆಗಳ ಸಂಬಳದಾರರ ಕೈಯದೆಂದು ತಿಳಿಯಿತು. ಎಣಿಕೆಗೆ ಬೇಕಾದ ಸಾಮಗ್ರಿ ಆಗಲೇ ಎಲ್ಲರ ಕಣ್ಣೆದುರಿಗಿದ್ದಿತು. ಎಣಿಸಿದವರು ಮಾತ್ರ ವಿರಳ.

ಈ ಸಮಾಜಕ್ಕೂ ಗುಟ್ಟುಗಳು ಇಲ್ಲದಿಲ್ಲ. ಭದ್ರತೆಗೆ ಸಂಬಂಧಿಸಿದ ದೋಷ ಕಂಡುಬಂದಾಗ, ಪರಿಹಾರ ಸಿದ್ಧವಾಗುವವರೆಗೆ ಕೆಲವರು ಮಾತ್ರ ಅದನ್ನು ಬಲ್ಲವರಾಗಿರುತ್ತಾರೆ. ೨೦೧೭ರ ನವೆಂಬರಿನಲ್ಲಿ ಕರ್ನೆಲ್ಲಿನ ಸ್ಮೃತಿಕೋಷ್ಟಕಗಳನ್ನು ಬಳಕೆಯ ಕ್ರಮವಿಧಿಗಳ ಕೋಷ್ಟಕಗಳಿಂದ ಬೇರ್ಪಡಿಸುವ ತಿದ್ದುಪಡಿಯೊಂದು ಚರ್ಚೆಗೆ ಬಂದಿತು. ಅದರ ಮೂಲ ಆಸ್ಟ್ರಿಯದ ಗ್ರಾತ್ಸ್ ನಗರದ ವಿದ್ವಾಂಸರ ಸಂಶೋಧನೆ. ಅದನ್ನು ಸೇರಿಸಿದರೆ ಗಣಕದ ವೇಗ ತಗ್ಗುವುದು. ವೇಗವನ್ನು ಕುಗ್ಗಿಸುವ ಬದಲಾವಣೆ ವರ್ಷಗಟ್ಟಲೆ ವಾದವಿಲ್ಲದೆ ಕರ್ನೆಲ್ಲಿಗೆ ಸೇರುವುದು ಅಪೂರ್ವ; ಇದಾದರೋ ವಾರಗಳಲ್ಲಿ ದಾಟುತ್ತಿದ್ದಿತು, ಹಿರಿಯರಾರೂ ತಡೆಯಲಿಲ್ಲ. ಕಾರ್ಬೆಟ್ಟರು ಅದನ್ನು ನವೆಂಬರಿನಲ್ಲಿಯೇ ವಿವರಿಸಿದ್ದರು. ಡಿಸೆಂಬರಿನಲ್ಲಿ ಮತ್ತೆ ಬರೆಯುತ್ತ, ಗಡುವಿನ ಒತ್ತಡದಲ್ಲಿ ಸಿದ್ಧವಾಗುತ್ತಿರುವ ಭದ್ರತಾ ಪರಿಹಾರದ ಲಕ್ಷಣಗಳೆಲ್ಲ ಇದರಲ್ಲಿವೆಯೆಂದು ಸೂಚಿಸಿದರು. ಒಳಗಿನವರಾರೂ ಬಾಯಿ ಬಿಡಬೇಕಾಗಲಿಲ್ಲ. ಕೆಲಸದ ವೇಗವೇ ಮಾತನಾಡಿತ್ತು. ಪ್ರೊಸೆಸರುಗಳ ಒಳಗಿನ ದೋಷವೊಂದು, 'ಮೆಲ್ಟ್‌ಡೌನ್' ಎಂದು ಮುಂದೆ ಹೆಸರಾದುದು, ಈ ಅವಸರಕ್ಕೆ ಕಾರಣವಾಗಿದ್ದಿತು. ೨೦೧೮ರ ಜನವರಿ ೯ಕ್ಕೆ ಗೊತ್ತಾಗಿದ್ದ ಅದರ ಪ್ರಕಟಣೆ, ಹೊರಗೆ ಊಹೆಗಳು ದಟ್ಟವಾದುದರಿಂದ, ೩ರಂದೇ ನಡೆಯಿತು. ದೋಷವನ್ನು ಕಂಡುಹಿಡಿದವರಲ್ಲಿ ಗ್ರಾತ್ಸಿನ ಆ ವಿದ್ವಾಂಸರೂ ಸೇರಿದ್ದರೆಂಬುದು ಆಗ ತಿಳಿದುಬಂದಿತು.