ಹಗೇವಿಗಿಳಿಸಿದ ದೀಪ

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗಕ್ಕೆ ಬರುವವರ ಕಣ್ಣು ಮೊದಲು ಹೋಗುವುದು ಬೆಟ್ಟದ ಮೇಲಿನ ಕೋಟೆಯ ಕಡೆಗೆ. ಕಾಲ ಕೆಳಗಿನ ನೆಲದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆದರೆ ಈ ಸೀಮೆಯ ಹಿರಿಯರಿಗೆ ನೆಲವೆಂದರೆ ಉಳುವ ಮಣ್ಣು ಮಾತ್ರವಲ್ಲ, ಕಾಳು ಕಾಯುವ ಉಗ್ರಾಣವೂ ಆಗಿತ್ತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಮಳೆ ಕೈಕೊಡುವುದು ಹೊಸ ಸಂಗತಿಯಲ್ಲ. ಒಳ್ಳೆಯ ವರ್ಷದ ರಾಗಿಯನ್ನು ಬರದ ವರ್ಷಕ್ಕೆ ಉಳಿಸಿಕೊಳ್ಳಲು ರಾಗಿ ಸೀಮೆಯ ಜನ ಕಂಡುಕೊಂಡಿದ್ದ ಉಪಾಯವೇ ಹಗೇವು.

ಹಗೇವು ಎಂದರೆ ನೆಲದೊಳಗಿನ ಕಣಜ. ಗಟ್ಟಿ ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಬಾಯಿ ತೋಡಿ, ಕೆಳಗೆ ಹೋದಂತೆ ಅದನ್ನು ಗುಡಾಣದ ಹಾಗೆ ಅಗಲ ಮಾಡುತ್ತಿದ್ದರು. ತಳಕ್ಕೂ ಸುತ್ತಲಿಗೂ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಹೊದಿಸಿ ಮಣ್ಣು ಮೆತ್ತುತ್ತಿದ್ದರು. 1800ರಲ್ಲಿ ಮಧುಗಿರಿ ಸೀಮೆಯೂ ಸೇರಿದಂತೆ ಮೈಸೂರು ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇಂಥ ಕಣಜಗಳನ್ನು ವರ್ಣಿಸಿದ್ದಾನೆ. ರಾಗಿ ಇಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು.

ಏಕೆ ಕೆಡುತ್ತಿರಲಿಲ್ಲ? ಕಾಳಿಗೂ ಉಸಿರಾಟವುಂಟು. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳು, ಬೂಷ್ಟು ಎಲ್ಲವೂ ಸೇರಿ ಒಳಗಿನ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಕೆಲವು ದಿನಗಳಲ್ಲಿ ಹುಳು ಬದುಕಲಾರದ ಸ್ಥಿತಿ ಬರುತ್ತದೆ. ಕಾಳು ಉಳಿಯುವುದು ಹೀಗೆ. ಆದರೆ ಹುಳುವನ್ನು ಕೊಂದ ಅದೇ ಗಾಳಿ ಮನುಷ್ಯನನ್ನೂ ಕೊಲ್ಲಬಲ್ಲದು. ಇಂಗಾಲದ ಡೈಆಕ್ಸೈಡ್ ಸಾಮಾನ್ಯ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಬಾಯಿ ತೆರೆದರೂ ಅದು ತಳದಲ್ಲೇ ಕೂತಿರುತ್ತದೆ. ಕಾಳು ತೆಗೆಯಲು ಅವಸರದಿಂದ ಇಳಿದವನು ಮೇಲೆ ಬರುತ್ತಿರಲಿಲ್ಲ. ಅವನನ್ನು ಎತ್ತಲು ಹೋದವನ ಗತಿಯೂ ಅದೇ.

ಆದ್ದರಿಂದ ಒಂದು ಕಟ್ಟಳೆ ಬಂತು. ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯಬಾರದು. ಸಾಕಷ್ಟು ಹೊತ್ತು ಹೊರಗಿನ ಗಾಳಿ ಆಡಲು ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ತಳದವರೆಗೆ ಇಳಿಸಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಕಾಯಬೇಕು. ಪಾಳುಬಾವಿಯ ಹೂಳು ತೆಗೆಯುವವರೂ ಇದನ್ನೇ ಮಾಡುತ್ತಿದ್ದರು. ಇದರಲ್ಲಿ ಮೂಢನಂಬಿಕೆ ಏನೂ ಇಲ್ಲ. ಗಾಳಿಯಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕ 16ರ ಆಸುಪಾಸಿಗೆ ಇಳಿದಾಗ ದೀಪ ಆರುತ್ತದೆ. ಮನುಷ್ಯ ಪ್ರಜ್ಞೆ ತಪ್ಪುವುದು ಇನ್ನೂ ಕೆಳಗೆ ಹೋದಾಗ. ಅಂದರೆ ದೀಪ ಮನುಷ್ಯನಿಗಿಂತ ಮೊದಲೇ ಸೋಲುತ್ತದೆ.

ದೀಪಕ್ಕೆ ಕಾಣದ ಗಾಳಿ

ಆದರೆ ನೆಲದಲ್ಲಿರುವ ಎಲ್ಲ ಗಾಳಿಗಳನ್ನೂ ದೀಪ ಗುರುತಿಸಲಾರದು. ಕೊಳೆತ ಕಸದಿಂದ ಹುಟ್ಟುವ ಮೀಥೇನ್ ಇದ್ದ ಕಡೆ ಬರಿಯ ದೀಪ ಇಳಿಸಿದರೆ ಸ್ಫೋಟವೇ ಆದೀತು. ಕಲ್ಲಿದ್ದಲ ಗಣಿಗಳಲ್ಲಿ ಹೀಗೆ ಜನ ಸತ್ತಿದ್ದರಿಂದಲೇ 1815ರಲ್ಲಿ ಹಂಫ್ರಿ ಡೇವಿ ತಂತಿಬಲೆಯ ದೀಪ ಮಾಡಿದ್ದು. ಇನ್ನು ರೇಡಾನ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಮುಂದೆ ದೀಪ ನೆಮ್ಮದಿಯಾಗಿ ಉರಿಯುತ್ತಲೇ ಇರುತ್ತದೆ.

ರೇಡಾನ್ ವಿಷಯ ನಮ್ಮ ಬೆಟ್ಟಗಳಿಗೆ ದೂರದ್ದಲ್ಲ. ಸಾವನದುರ್ಗ, ಮಧುಗಿರಿಯ ಬಂಡೆಗಳು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಶಿಲಾಪಟ್ಟಿಗೆ ಸೇರಿವೆ. ಈಗಿನ ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಪಟ್ಟಿ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಹಬ್ಬಿದೆ. ಗ್ರಾನೈಟಿನಲ್ಲಿ ಯುರೇನಿಯಂ ಅಂಶ ಸಾಮಾನ್ಯವಾಗಿ ಬೇರೆ ಅನೇಕ ಶಿಲೆಗಳಿಗಿಂತ ಹೆಚ್ಚು. ಆ ಯುರೇನಿಯಂ ಕ್ಷಯಿಸುತ್ತ ಹೋದಾಗ ನಡುವೆ ಹುಟ್ಟುವ ಅನಿಲವೇ ರೇಡಾನ್. ಮಣ್ಣಿನ ಸಂದುಗಳಿಂದ ಮೇಲೆ ಬಂದು ಬಯಲಿನಲ್ಲಿ ಚದುರಿದರೆ ತೊಂದರೆಯಿಲ್ಲ. ನೆಲದ ಬಿರುಕಿನಿಂದ ಮುಚ್ಚಿದ ಕೋಣೆಗೆ ಸೇರಿ ಅಲ್ಲಿಯೇ ಉಳಿದರೆ ಶ್ವಾಸಕೋಶಕ್ಕೆ ಹಾನಿ. 1988ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಘನ ಮೀಟರಿಗೆ 100 ಬೆಕರೆಲ್ ಎಂಬ ಮಟ್ಟವನ್ನು ಸೂಚಿಸಿತು. ಸಂದುಗಳಲ್ಲಿ ಗಾಳಿಯಾಡುವ ಹಳೆಯ ಹೆಂಚಿನ ಮನೆಯಲ್ಲಿ ರೇಡಾನ್ ನಿಲ್ಲುವುದು ಕಷ್ಟ. ಕಿಟಕಿ ಮುಚ್ಚಿ ಏರ್ ಕಂಡೀಷನರ್ ಹಾಕುವ ಇಂದಿನ ಮನೆಯ ಮಾತು ಬೇರೆ.

ಈ ಅಪಾಯ ಮನೆಯೊಳಗೂ ಇದೆಯೆಂದು ಜಗತ್ತು ಎಚ್ಚೆತ್ತದ್ದು 1984ರ ಡಿಸೆಂಬರಿನಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ಲಿಮೆರಿಕ್ ಅಣುವಿದ್ಯುತ್ ಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಹಾಯ್ದಾಗಲೆಲ್ಲ ವಿಕಿರಣ ಪತ್ತೆಯ ಗಂಟೆ ಬಾರಿಸುತ್ತಿತ್ತು. ಹುಡುಕಿ ನೋಡಿದರೆ ವಿಕಿರಣ ಅಂಟಿದ್ದು ಸ್ಥಾವರದಲ್ಲಲ್ಲ, ಅವರ ಮನೆಯಲ್ಲಿ. ಅಲ್ಲಿನ ರೇಡಾನ್, ಅಮೆರಿಕ ಆಮೇಲೆ ಗೊತ್ತುಮಾಡಿದ ಮಿತಿಯ ನೂರಾರು ಪಟ್ಟು ಇತ್ತು. ನೆಲದಡಿಯ ಗಾಳಿಯನ್ನು ಎಳೆದು ಹೊರಹಾಕುವ ವ್ಯವಸ್ಥೆ ಮಾಡಿದ ನಂತರ ಕುಟುಂಬ ಅದೇ ಮನೆಗೆ ಮರಳಿತು.

ಮೀಥೇನ್ ಪಾಠ ಕಲಿಸಿದ್ದು ಇಂಗ್ಲೆಂಡಿನ ಲಾಸ್ಕೋ ಎಂಬ ಊರಿನಲ್ಲಿ. 1986ರ ಮಾರ್ಚ್ 24ರ ಬೆಳಿಗ್ಗೆ ಅಲ್ಲಿನ ಒಂದು ಮನೆ ಸ್ಫೋಟಿಸಿ ನೆಲಸಮವಾಯಿತು. ಒಳಗಿದ್ದ ಮೂವರು ತೀವ್ರವಾಗಿ ಗಾಯಗೊಂಡರು. ಹತ್ತಿರದಲ್ಲೇ ಇಟ್ಟಿಗೆ ಮಣ್ಣು ತೆಗೆದ ಹಳೆಯ ಗುಂಡಿಗೆ ಕಸ ತುಂಬಿ ಮುಚ್ಚಿದ್ದರು. ಅಲ್ಲಿ ಹುಟ್ಟಿದ ಅನಿಲ ಬಂಡೆಯ ಸಂದುಗಳಲ್ಲಿ ಹರಿದು ಮನೆಯಡಿಗೆ ಬಂದಿತ್ತು. ಆ ದಿನ ಕೆಲವೇ ಗಂಟೆಗಳಲ್ಲಿ ವಾಯುಭಾರ ತೀರ ಕುಸಿದದ್ದರಿಂದ ಅನಿಲ ಮೇಲಕ್ಕೆ ನುಗ್ಗಿತ್ತು.

ಕಾಂಕ್ರೀಟು ಬೀಳುವ ಮೊದಲು

ಹಿಂದೆ ಕಾರ್ಖಾನೆ, ಗಣಿ ಅಥವಾ ಕಸದ ಗುಂಡಿ ಇದ್ದು ಈಗ ಹೊಸ ಕಟ್ಟಡಕ್ಕೆ ಸಿದ್ಧವಾಗುವ ಜಾಗವನ್ನು ‘ಬ್ರೌನ್‌ಫೀಲ್ಡ್’ ಎನ್ನುತ್ತಾರೆ. ಇಂಥಲ್ಲಿ ಕಟ್ಟುವಾಗ ನೆಲದ ಗಾಳಿಗೆ ಬೇರೆ ದಾರಿ ತೋರಿಸಬೇಕು. ಇದರ ತತ್ವ ಸರಳ. ಅಡಿಯಲ್ಲಿ ಜಲ್ಲಿ ಹಾಸು, ಅದರೊಳಗೆ ತೂತಿನ ಪೈಪು, ಮೇಲೆ ಅನಿಲ ದಾಟದ ದಪ್ಪ ಹಾಳೆ, ಅದರ ಮೇಲೆ ಕಾಂಕ್ರೀಟು. ಪೈಪು ಗೋಡೆಯ ಪಕ್ಕದಲ್ಲಿ ಮೇಲೇರಿ ಮಾಡಿನ ಮೇಲೆ ಗಾಳಿ ಬಿಡುತ್ತದೆ. ಬೇಕಾದರೆ ಫ್ಯಾನು ಸೇರಿಸುತ್ತಾರೆ.

ಇದು ಕೆಡುವುದೂ ಅಷ್ಟೇ ಸುಲಭ. ಕಂಬಿ ಕಟ್ಟುವವರ ಕಾಲ್ತುಳಿತಕ್ಕೆ, ಸರಳಿನ ತುದಿಗೆ ಹಾಳೆ ಹರಿಯುತ್ತದೆ. ನಲ್ಲಿ, ವಿದ್ಯುತ್ ಕೊಳವೆಗಳು ಹಾಳೆಯನ್ನು ಸೀಳಿ ಬರುವಲ್ಲಿ ಸಂದು ಉಳಿಯುತ್ತದೆ. ಸಿಮೆಂಟ್ ಹಾಲು ಇಳಿದು ಪೈಪಿನ ತೂತು ಮುಚ್ಚುತ್ತದೆ. ಕಾಂಕ್ರೀಟು ಬಿದ್ದ ಮೇಲೆ ಇವೆಲ್ಲ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಪರೀಕ್ಷಕ ಬರಬೇಕಾದದ್ದು ಕಾಂಕ್ರೀಟಿಗೆ ಮೊದಲು. ಬೆಸುಗೆ ಹಾಕಿದ ಅಂಚುಗಳಿಗೆ ಗಾಳಿ ಊದಿ ನೋಡುತ್ತಾನೆ. ಹಾಳೆಯಡಿ ಬಣ್ಣದ ಹೊಗೆ ಬಿಟ್ಟು ಎಲ್ಲಿ ಸೋರುತ್ತದೆಂದು ಹುಡುಕುತ್ತಾನೆ. ತೇಪೆ ಹಾಕಿಸಿ, ಫೋಟೊ ತೆಗೆದು, ದಾಖಲೆ ಬರೆದ ಮೇಲೆಯೇ ಮುಂದಿನ ಕೆಲಸಕ್ಕೆ ಒಪ್ಪಿಗೆ. ಬ್ರಿಟನ್ನಿನಲ್ಲಿ ಈ ತಪಾಸಣೆಗೆಂದೇ 2014ರಲ್ಲಿ ಪ್ರತ್ಯೇಕ ಮಾರ್ಗದರ್ಶಿ ಹೊರಬಂತು. ಹಾಳೆ ಹಾಸಿದವನೇ ಸರಿಯಾಗಿದೆ ಎಂದರೆ ಸಾಲದು, ಅರಿತ ಇನ್ನೊಬ್ಬರು ನೋಡಬೇಕು ಎಂಬುದು ಇದರ ಸಾರ.

ನಮ್ಮಲ್ಲೂ ಇಂಥ ಜಾಗಗಳಿಗೆ ಕೊರತೆಯಿಲ್ಲ. 1880ರ ದಶಕದಿಂದ ಅಗೆದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನಲ್ಲಿ ಜನರ ಹೋರಾಟದ ನಂತರ 2014ರ ಕೊನೆಗೆ ಅದು ನಿಂತಿತು. ಕಸ ಬರುವುದು ನಿಂತರೂ ಅದರೊಳಗೆ ಅನಿಲ ಹುಟ್ಟುವುದು ಹಲವು ವರ್ಷ ನಿಲ್ಲುವುದಿಲ್ಲ. ನಗರ ಬೆಳೆದು ಇಂಥ ಜಾಗಗಳ ಬಾಗಿಲಿಗೆ ಬಂದಾಗ ನಿವೇಶನದ ಬೆಲೆಯ ಜೊತೆಗೆ ಅದರ ಹಿಂದಿನ ಕಥೆಯನ್ನೂ ಕೇಳಬೇಕಾಗುತ್ತದೆ.

ಆದರೆ ದೀಪದ ಪಾಠವನ್ನೇ ನಾವು ಪೂರ್ತಿ ಪಾಲಿಸಿಲ್ಲ. ಗಾಳಿ ಪರೀಕ್ಷಿಸದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಿ ಕೊಲ್ಲುವುದು 2013ರ ಕಾಯ್ದೆಯ ನಂತರವೂ ನಿಲ್ಲಲಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಬೇಕಾಗಿ ಬಂತು.

ಹಗೇವಿನ ಬಳಿ ಪರೀಕ್ಷೆ ನಡೆಯುತ್ತಿದ್ದದ್ದು ಇಳಿಯುವವನ ಕಣ್ಣೆದುರಿಗೆ. ದೀಪ ಆರಿದ್ದನ್ನು ಅವನೇ ನೋಡಿ ಹಿಂದೆ ಸರಿಯಬಹುದಿತ್ತು. ಹೊಸ ಕಟ್ಟಡದಲ್ಲಿ ವಾಸಕ್ಕೆ ಬರುವವರಿಗೆ ಆ ಅವಕಾಶವಿಲ್ಲ. ಅವರು ಬರುವ ಹೊತ್ತಿಗೆ ಹಾಳೆ, ಪೈಪು, ಜಲ್ಲಿ ಎಲ್ಲವೂ ನೆಲದಡಿ ಸೇರಿರುತ್ತವೆ. ಅವರ ಪರವಾಗಿ ಹಗ್ಗ ಹಿಡಿದು ನಿಲ್ಲುವವನು ಪರೀಕ್ಷಕ. ಅವನು ಸ್ಥಳಕ್ಕೆ ಹೋಗದೆ ಸಹಿ ಹಾಕಿದರೆ, ದೀಪ ಇಳಿಸದೆ ‘ಇಳಿ’ ಎಂದಂತೆಯೇ.