ಲ ಬೋಸ್ಕೆಲ್ ಮರುನಿರ್ಮಾಣ: ಮನೆಯ ನಕ್ಷೆ, ಹೊಲದ ನಕ್ಷೆ

ಉತ್ತರ ಫ್ರಾನ್ಸಿನ ಸೋಮ್ ಪ್ರಾಂತದಲ್ಲಿ, ಅಮಿಯೆನ್ ನಗರದ ದಕ್ಷಿಣಕ್ಕಿರುವ ಲ ಬೋಸ್ಕೆಲ್ ಬೇಸಾಯಗಾರರ ಸಣ್ಣ ಊರು. 1940ರ ಜೂನ್‌ನಲ್ಲಿ ಜರ್ಮನ್ ಸೇನೆ ಸೋಮ್ ನದಿಯ ಕಡೆಯಿಂದ ದಕ್ಷಿಣಕ್ಕೆ ನುಗ್ಗಿದಾಗ ಊರಿನ ಬಹುಭಾಗ ನಾಶವಾಯಿತು. ಯುದ್ಧ ಮುಗಿಯುವ ಮೊದಲೇ, ಜರ್ಮನ್ ಆಡಳಿತದಡಿಯಲ್ಲೇ, ಅದನ್ನು ಮಾದರಿ ಗ್ರಾಮವಾಗಿ ಮರಳಿ ಕಟ್ಟುವ ಯೋಜನೆ ಸಿದ್ಧವಾಯಿತು. ಇದರ ಹೊಣೆ ಹೊತ್ತವರು ವಾಸ್ತುಶಿಲ್ಪಿ ಪೋಲ್ ದ್ಯುಫೂರ್ನೆ. ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಬಳಿ ಪಳಗಿದ ಜಾಂ ಬೊಸ್ಯು ಅವರ ಜೊತೆಗಿದ್ದರು. ವಾಸ್ತುಶಿಲ್ಪದ ಚರಿತ್ರೆಕಾರರು ಈ ಊರನ್ನು ನೆನೆಯುವುದು ಹೆಚ್ಚಾಗಿ ಅದರ ಮಣ್ಣಿನ ಗೋಡೆಗಳಿಗಾಗಿ. ಹೊಲಗಳ ಗಡಿ ಬದಲಾದದ್ದು ಅದಕ್ಕಿಂತ ದೊಡ್ಡ ಸಂಗತಿ ಎಂಬುದು ನನ್ನ ಅಭಿಪ್ರಾಯ.

ಲ ಬೋಸ್ಕೆಲ್ ಇರುವ ಪಿಕಾರ್ಡಿ ಪ್ರದೇಶದ ಹಳೆಯ ರೈತಮನೆಗೆ ತನ್ನದೇ ವಿನ್ಯಾಸವಿತ್ತು. ಬೀದಿಗೆ ತಾಗಿ ನಿಲ್ಲುವುದು ಧಾನ್ಯದ ಕಟ್ಟಡ. ಅದರ ಹೆಬ್ಬಾಗಿಲು ದಾಟಿದರೆ ಅಂಗಳ, ಅಂಗಳದ ನಡುವೆ ತಿಪ್ಪೆ, ಹಿಂಬದಿಯಲ್ಲಿ ವಾಸದ ಮನೆ. ಮರದ ಚೌಕಟ್ಟಿಗೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿದ ಗೋಡೆಗಳು. ದನ, ಗಾಡಿ, ಮನುಷ್ಯರು ಎಲ್ಲರಿಗೂ ಆ ಹೆಬ್ಬಾಗಿಲೇ ದಾರಿ. ಆ ಕಾಲದ ಯೋಜಕರಿಗೆ ಇದು ಅನಾರೋಗ್ಯದ ಮೂಲವಾಗಿ ಕಂಡಿತು. ಅಲ್ಲಿ ಬಾಳಿದವರಿಗೂ ಹಾಗೇ ಕಂಡಿರಬೇಕೆಂದು ಊಹಿಸಿಕೊಳ್ಳುವುದು ಸರಿಯಲ್ಲ.

ಮೊದಲ ಮಹಾಯುದ್ಧದ ನಂತರದ ಅನುಭವದ ಜೊತೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 1919ರ ಏಪ್ರಿಲ್ 17ರ ಕಾನೂನು ಯುದ್ಧನಷ್ಟಕ್ಕೆ ಪರಿಹಾರದ ಹಕ್ಕು ನೀಡಿತು. ಆದರೆ ಮರಳಿ ಕಟ್ಟುವ ಪೂರ್ಣ ವೆಚ್ಚ ಸಿಗಬೇಕಾದರೆ ಆ ಹಣವನ್ನು ಅದೇ ಊರಲ್ಲಿ ಅಥವಾ 50 ಕಿ.ಮೀ. ಒಳಗೆ ಹೂಡಬೇಕಿತ್ತು. ಅನೇಕ ಹಳ್ಳಿಗಳು ಹಳೆಯ ಜಾಗದಲ್ಲೇ ಎದ್ದುನಿಂತದ್ದಕ್ಕೆ ಮಣ್ಣಿನ ಮೋಹದಷ್ಟೇ ಈ ಷರತ್ತೂ ಕಾರಣ. ಹರಿದು ಹಂಚಿಹೋದ ಹೊಲಗಳನ್ನು ಒಗ್ಗೂಡಿಸುವ ಕಾನೂನು ಆಗಲೂ ಇತ್ತು. ಅದಕ್ಕೆ ಹೊಸ ಬಲ ಬಂದದ್ದು ಯುದ್ಧಕಾಲದ ಫ್ರಾನ್ಸಿನ ವಿಶಿ ಸರ್ಕಾರದ 1941ರ ಮಾರ್ಚ್ 9ರ ಕಾಯಿದೆಯಿಂದ. ಲ ಬೋಸ್ಕೆಲ್‌ನಲ್ಲಿ ಹಿಡುವಳಿಗಳ ಮರುಹಂಚಿಕೆಯನ್ನೂ ಊರಿನ ನಕ್ಷೆಯನ್ನೂ ಒಟ್ಟಿಗೆ ಕೈಗೆತ್ತಿಕೊಂಡರು. ಹೊಲ ಎಲ್ಲಿದೆ ಎಂಬುದರ ಮೇಲೆ ಗಾಡಿದಾರಿ, ಗಾಡಿದಾರಿಯ ಮೇಲೆ ಕೊಟ್ಟಿಗೆಯ ಸ್ಥಳ ನಿಲ್ಲುತ್ತದೆ. ಮನೆಗಳು ಗಟ್ಟಿಯಾಗಿ ನಿಂತಿರುವ ಊರಿನಲ್ಲಿ ಇಂಥ ತಿದ್ದುಪಡಿಗೆ ಯಾರು ಒಪ್ಪುತ್ತಿದ್ದರು?

ಇನ್ನು ಮಣ್ಣಿನ ಗೋಡೆಗಳ ವಿಷಯ ಸರಳ. ಸಿಮೆಂಟು, ಉಕ್ಕು ದುರ್ಲಭವಾಗಿದ್ದವು. ಇಟ್ಟಿಗೆ ಸುಡಲು ಕಲ್ಲಿದ್ದಲು ಬೇಕಿತ್ತು. ಹಾಗಾಗಿ ಅಚ್ಚುಹಲಗೆಗಳ ನಡುವೆ ಮಣ್ಣು ತುಂಬಿ ದಮ್ಮಸು ಮಾಡಿ ಗೋಡೆ ಎಬ್ಬಿಸುವ ಪ್ರಯೋಗ ನಡೆಯಿತು. ಇದನ್ನು ಸ್ಥಳೀಯ ಪರಂಪರೆಯ ಪುನರುಜ್ಜೀವನ ಎನ್ನುವುದು ತಪ್ಪಾಗುತ್ತದೆ: ಪಿಕಾರ್ಡಿಯದು ಮೆತ್ತುವ ಮಣ್ಣು, ದಮ್ಮಸಿನ ಗೋಡೆ ಆಗ್ನೇಯದ ಲಿಯೋಂ, ದೊಫಿನೆ ಕಡೆಯದು. ಯುದ್ಧಾನಂತರ ಸಾಮಗ್ರಿ ಮತ್ತೆ ಸಿಗತೊಡಗಿದಾಗ ಮರುನಿರ್ಮಾಣ ಇಟ್ಟಿಗೆ, ಕಾಂಕ್ರೀಟಿನತ್ತ ವಾಲಿತು. 1941ರ ಭೂಕಾಯಿದೆ ಮಾತ್ರ ಅದನ್ನು ತಂದ ಸರ್ಕಾರ ಬಿದ್ದ ಮೇಲೂ ಉಳಿದುಕೊಂಡಿತು. ಮುಂದಿನ ದಶಕಗಳಲ್ಲಿ, ಬಾಂಬು ಬೀಳದ ಹಳ್ಳಿಗಳಲ್ಲೂ ಹೊಲಗಳ ಗಡಿಯನ್ನು ಹೊಸದಾಗಿ ಗೀಚಲು ಸರ್ವೆಯವರಿಗೆ ಅಧಿಕಾರ ಕೊಟ್ಟದ್ದು ಅದೇ.