ರೇಷ್ಮೆಗೆ ಸಿಕ್ಕ ವಿನಾಯಿತಿ

ಬಾಲಕಾರ್ಮಿಕ ಪದ್ಧತಿಗೆ ಬಡತನವೇ ಬೇರು, ಬಡತನ ಹೋದರೆ ಅದೂ ಹೋಗುತ್ತದೆ ಎನ್ನುವವರಿದ್ದಾರೆ. ಇತಿಹಾಸ ಈ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಕೈಗಾರಿಕೆಯಲ್ಲಿ ಜಗತ್ತಿಗೇ ಮುಂದಿದ್ದ ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲೇ ಏಳೆಂಟು ವರ್ಷದ ಮಕ್ಕಳು ಓಡುವ ಯಂತ್ರದಡಿ ತೆವಳಿ ಉದುರಿದ ಹತ್ತಿ ಬಳಿಯುತ್ತಿದ್ದರು, ಕಡಿದ ಎಳೆಗಳನ್ನು ಹೊಸೆದು ಕೂಡಿಸುತ್ತಿದ್ದರು. 1802ರ ಕಾಯ್ದೆ ಗಿರಣಿಗಳಿಗೆ ಒಪ್ಪಿಸಿದ ಬಡ, ಅನಾಥ ಮಕ್ಕಳ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಮಿತಿಗೊಳಿಸಿತು. 1819ರ ಕಾಯ್ದೆ ಒಂಬತ್ತು ತುಂಬದವರನ್ನು ಹತ್ತಿ ಗಿರಣಿಗೆ ಸೇರಿಸಬಾರದೆಂದಿತು. ನೋಡಿಕೊಳ್ಳಲು ಸಂಬಳದ ಅಧಿಕಾರಿಗಳಿರಲಿಲ್ಲವಾದ್ದರಿಂದ ಎರಡೂ ಬಹುಮಟ್ಟಿಗೆ ಕಾಗದದಲ್ಲೇ ಉಳಿದವು. 1833ರ ಕಾಯ್ದೆಯಂತೆ ಗಿರಣಿಯೊಳಗೆ ಹೋಗಿ ತನಿಖೆ ಮಾಡಬಲ್ಲ ನಾಲ್ವರು ಇನ್ಸ್‌ಪೆಕ್ಟರುಗಳು ನೇಮಕವಾದ ಮೇಲೆಯೇ ಕಾನೂನಿಗೆ ಬಲ ಬಂತು. ಆದರೆ ಒಂಬತ್ತು ವರ್ಷದ ಆ ನಿಯಮದಿಂದ ರೇಷ್ಮೆ ಗಿರಣಿಗಳನ್ನು ಅದೇ ಕಾಯ್ದೆ ಹೊರಗಿಟ್ಟಿತು. ನವಿರಾದ ಎಳೆಗೆ ಎಳೆಯ ಬೆರಳೇ ಬೇಕೆಂಬುದು ಮಾಲೀಕರ ವಾದವಾಗಿತ್ತು.

ಮಗುವಿನ ಕೂಲಿ ನಿಂತರೆ ಮನೆಯ ಒಲೆ ಆರುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಮಾಲೀಕ ಮಗುವನ್ನು ಕರೆಯುವುದು ಕನಿಕರದಿಂದಲ್ಲ, ಅದರ ಕೂಲಿ ಅಗ್ಗವೆಂದು. ಅಗ್ಗದ ಕೈ ಸಿಗುವಲ್ಲಿ ದೊಡ್ಡವರ ಕೂಲಿಯೂ ಇಳಿಯುತ್ತದೆ, ಬಡತನ ಮುಂದಿನ ತಲೆಮಾರಿಗೂ ದಾಟುತ್ತದೆ. ಕಾನೂನು ಬಿಗಿಯಾದರೆ ಉದ್ಯಮ ಮುಳುಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ದುಡಿಮೆಯ ಅವಧಿ ಇಳಿಸಿದರೆ ಲಾಭವೇ ಉಳಿಯದೆಂದು ಅರ್ಥಶಾಸ್ತ್ರಜ್ಞ ನಸ್ಸೌ ಸೀನಿಯರ್ 1837ರಲ್ಲಿ ವಾದಿಸಿದ್ದರು. 1847ರಲ್ಲಿ ಹೆಂಗಸರಿಗೂ ಹದಿಹರೆಯದವರಿಗೂ ಹತ್ತು ಗಂಟೆಯ ಕಾಯ್ದೆ ಬಂತು. ಗಿರಣಿಗಳು ಬೆಳೆಯುತ್ತಲೇ ಹೋದವು.

ವಿನಾಯಿತಿಯ ಈ ಕಥೆ ಭಾರತದಲ್ಲೂ ಮರುಕಳಿಸಿತು. ಇಲ್ಲಿನ 1881ರ ಕಾರ್ಖಾನೆ ಕಾಯ್ದೆ ಏಳು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು, ಆದರೆ ನೂರು ಜನರಿಗಿಂತ ಚಿಕ್ಕ ಕಾರ್ಖಾನೆಗಳನ್ನು ಮುಟ್ಟಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ಮನೆಮಂದಿಯೇ ನಡೆಸುವ ಘಟಕಗಳನ್ನು ಬಿಟ್ಟಿತು. 2016ರ ತಿದ್ದುಪಡಿ ಹದಿನಾಲ್ಕು ತುಂಬದವರ ದುಡಿಮೆಯನ್ನು ಎಲ್ಲೆಡೆ ನಿಷೇಧಿಸಿದರೂ, ಅಪಾಯವಿಲ್ಲದ ಮನೆಮಂದಿಯ ಉದ್ಯಮದಲ್ಲಿ ಶಾಲೆಯ ಸಮಯದ ನಂತರ ನೆರವಾಗಲು ಅವಕಾಶ ಇಟ್ಟಿತು. ಇಂಥ ಸಂದುಗಳ ಬೆಲೆಯನ್ನು ರಾಮನಗರ, ಮಾಗಡಿಯ ಮಕ್ಕಳೂ ತೆತ್ತಿದ್ದಾರೆ. ರೇಷ್ಮೆ ನೂಲು ಬಿಚ್ಚುವ ಚಿಕ್ಕ ಶೆಡ್ಡುಗಳಲ್ಲಿ ಕುದಿನೀರಿಗೆ ಕೈಯಿಟ್ಟು ಗೂಡು ಬೆಂದಿದೆಯೇ ಎಂದು ನೋಡುವ, ಹೆತ್ತವರು ಪಡೆದ ಮುಂಗಡ ತೀರಿಸಲು ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಮಾಡಿತು. ಅಪ್ಪ ಅಮ್ಮನೊಡನೆ ಕಸುಬು ಕಲಿಯುವುದು ತಪ್ಪೇ ಎಂದು ಕೇಳುವವರಿಗೆ ಉತ್ತರ ಸರಳ: ಶಾಲೆಯನ್ನೂ ಮೈಯನ್ನೂ ಕೆಡಿಸುವುದು ಕಲಿಕೆಯಲ್ಲ. 2024ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 13.8 ಕೋಟಿ ಬಾಲಕಾರ್ಮಿಕರಿದ್ದಾರೆ, ಅವರಲ್ಲಿ ಶೇ. 61ರಷ್ಟು ಇರುವುದು ಇನ್ಸ್‌ಪೆಕ್ಟರು ಅಪರೂಪಕ್ಕೆ ಮಾತ್ರ ಕಾಲಿಡುವ ಕೃಷಿಯಲ್ಲಿ. ಕಾನೂನು ಎಲ್ಲಿ ಕಣ್ಣು ಮುಚ್ಚುತ್ತದೋ ಮಕ್ಕಳ ದುಡಿಮೆ ಅಲ್ಲಿಗೆ ಸರಿಯುತ್ತದೆ. ಆದ್ದರಿಂದ ದೊಡ್ಡವರಿಗೆ ನ್ಯಾಯವಾದ ಕೂಲಿ ಸಿಗಬೇಕು, ತಪಾಸಣೆ ಶೆಡ್ಡಿಗೂ ಹೊಲಕ್ಕೂ ತಲುಪಬೇಕು, ವಿನಾಯಿತಿಗಳು ರದ್ದಾಗಬೇಕು.